ಎಂಟು ಪೆಡಲಿನಿಂದ ಮೂರಕ್ಕೆ: ಮಲೆನಾಡಿನ ವೇದಿಕೆಗಳ ಹೊರೆಯ ಚರಿತ್ರೆ

ಕಳೆದ ಗಣಪತಿ ಹಬ್ಬದ ಸೀಸನ್ನಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಒಂದು ಪೆಂಡಾಲಿನಲ್ಲಿ ನನ್ನ ಗಿಟಾರಿನ ಸದ್ದು ನಡುಹಾಡಿನಲ್ಲೇ ನಿಂತುಹೋಯಿತು. ಮೊದಲು ಕರಕರ ಅಂದಿತು, ಆಮೇಲೆ ಗುಂಯ್ ಅನ್ನುವ ಹಮ್ ಬಂತು, ಕೊನೆಗೆ ಏನೂ ಇಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು. ನಾನು ವೇದಿಕೆಯ ಮೇಲೆ ಮಂಡಿಯೂರಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಎಂಟು ಪೆಡಲುಗಳ ನಡುವಿನ ತಂತಿಗಳನ್ನು ಒಂದೊಂದಾಗಿ ಅಲ್ಲಾಡಿಸುತ್ತ ಕೂತೆ. ಅಷ್ಟರಲ್ಲಿ ಮೂರು ಹಾಡು ಮುಗಿದವು. ಜನರಿಗೆ ಏನೂ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ನೋವಾದದ್ದು ಅದಕ್ಕೇ.

ಹಗಲು ಸುದ್ದಿ, ಸೀಸನ್ ಬಂದರೆ ರಾತ್ರಿ ಆರ್ಕೆಸ್ಟ್ರಾ. ಇದು ನನ್ನ ಬದುಕು. ಕಾಲಂ ಲೆಕ್ಕದಲ್ಲಿ ಬರುವ ದುಡ್ಡು ಬೈಕಿನ ಪೆಟ್ರೋಲಿಗೆ ಸರಿಯಾಗುತ್ತದೆ ಎಂಬುದನ್ನು ಈ ಬ್ಲಾಗಿನಲ್ಲಿ ಬರೆಯುವವರಿಗೂ ಓದುವವರಿಗೂ ಬಿಡಿಸಿ ಹೇಳಬೇಕಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಗಣಪತಿ, ದಸರಾ, ರಾಜ್ಯೋತ್ಸವ, ಜಾತ್ರೆಗಳೇ ನಮ್ಮ ತಂಡದ ಊಟ. ಆ ರಾತ್ರಿ ಸಾಮಾನು ಕಟ್ಟುವಾಗ ಮಳೆ ನಿಲ್ಲಲೆಂದು ಪೆಂಡಾಲಿನಲ್ಲೇ ಕೂತಿದ್ದ ಒಬ್ಬ ಹಿರಿಯರು ನನ್ನ ಪೆಡಲ್ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಹಿಂದೆ ಮೇಳದಲ್ಲಿ ಮದ್ದಳೆ ಬಾರಿಸಿದವರಂತೆ. "ಎಂತಕ್ಕೆ ಇಷ್ಟೆಲ್ಲ ಹೊತ್ಕೊಂಡ್ ಬರ್ತೀಯ ಮಾರಾಯಾ? ಇಡೀ ರಾತ್ರಿ ಆಟಕ್ಕೆ ನಮ್ಮ ಹಿಮ್ಮೇಳಕ್ಕೆ ಇಷ್ಟು ಸಾಮಾನು ಇರ್ಲಿಲ್ಲ" ಅಂದರು.

ಮಾತು ತಲೆಯಲ್ಲಿ ಉಳಿಯಿತು. ನಮ್ಮ ಕಡೆಯ ಕಲಾವಿದರು ವೇದಿಕೆಗೆ ಏನೇನು ಹೊತ್ತು ತಂದರು, ಯಾವಾಗ ಹೊರೆ ಏರಿತು, ಯಾವಾಗ ಇಳಿಯಿತು ಅಂತ ಕೇಳುತ್ತ, ಓದುತ್ತ ಹೋದೆ. ನನ್ನ ಪೆಡಲ್ ಕಡಿಮೆಯಾದ ಕಥೆಯೂ ಅದರೊಳಗೇ ಇದೆ.

ಒಂದು ದೀಪದ ತಂಡ

ಎಲ್ಲಕ್ಕಿಂತ ಹಗುರಾದ ತಂಡ ಯಾವುದೆಂದರೆ ದೀಪಾವಳಿಯ ರಾತ್ರಿ ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರು. ನಮ್ಮ ಮೂರೂ ತಾಲ್ಲೂಕಿನಲ್ಲಿ ಇದನ್ನು ನೋಡದೆ ಬೆಳೆದವರು ಕಡಿಮೆ. ಅವರ ಕೈಯಲ್ಲಿ ಇರುವುದು ಆರದಂತೆ ಕಾಪಾಡಿಕೊಂಡು ಬಂದ ದೀಪ, ಅದಕ್ಕೆ ಎಣ್ಣೆ, ಮನೆಯವರು ಕೊಟ್ಟ ಅಕ್ಕಿ-ಕಾಯಿ ಹಾಕಿಕೊಳ್ಳಲು ಚೀಲ. ವಾದ್ಯವಿಲ್ಲ. ಒಬ್ಬರು ಎತ್ತಿದ ಸೊಲ್ಲನ್ನು ಉಳಿದವರು ಹಿಡಿಯುತ್ತಾರೆ. ಗದ್ದೆ ಅಂಚು, ಸಂಕ, ಕಾಡುದಾರಿ ದಾಟಿ ರಾತ್ರಿಯಿಡೀ ನಡೆಯುವವರಿಗೆ ಹೊರಲು ಸಾಧ್ಯವಿದ್ದದ್ದು ಅಷ್ಟೇ. ಅವರ ಹಾಡಿಗೆ ಬೇಕಾದದ್ದೂ ಅಷ್ಟೇ.

ಮೇಳದ ಪೆಟ್ಟಿಗೆ

ಯಕ್ಷಗಾನದ ಹೊರೆ ಇದಕ್ಕಿಂತ ದೊಡ್ಡದು. ದೀಪಾವಳಿ ಮುಗಿದ ಮೇಲೆ ಶುರುವಾಗಿ ಮಳೆ ಹಿಡಿಯುವವರೆಗೆ ನಡೆಯುವ ತಿರುಗಾಟದಲ್ಲಿ ಬಡಗುತಿಟ್ಟಿನ ಮೇಳಗಳು ಕರಾವಳಿಯಿಂದ ಘಟ್ಟ ಹತ್ತಿ ನಮ್ಮ ಕಡೆ ಬರುತ್ತವೆ. ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಮಂದಾರ್ತಿ ಮೇಳದ ಹರಕೆ ಆಟ ಇಂದಿಗೂ ನಡೆಯುತ್ತದೆ. ಬಸ್ಸು ಇಲ್ಲದ ಕಾಲದಲ್ಲಿ ಕಲಾವಿದರು ನಡೆದೇ ಬರುತ್ತಿದ್ದರು. ವೇಷದ ಪೆಟ್ಟಿಗೆಗಳನ್ನು ಆಳುಗಳು ತಲೆಯ ಮೇಲೆ ಹೊರುತ್ತಿದ್ದರು. ಪೆಟ್ಟಿಗೆಯಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಹೊರುವವನ ಕುತ್ತಿಗೆಯೇ ಕೊಡುತ್ತಿತ್ತು.

ಹಿಮ್ಮೇಳದ ಸಾಮಾನು ಇನ್ನೂ ಕಡಿಮೆ. ಭಾಗವತರ ಕೈಯಲ್ಲಿ ತಾಳ ಅಥವಾ ಜಾಗಟೆ, ಪಕ್ಕದಲ್ಲಿ ಮದ್ದಳೆ, ಚಂಡೆ. ಶ್ರುತಿಗೆ ಪುಂಗಿ. ಒಣಗಿದ ಸೋರೆಬುರುಡೆಗೆ ಕೊಳವೆ ಸಿಕ್ಕಿಸಿದ ಈ ವಾದ್ಯವನ್ನು ಒಬ್ಬರು ಉಸಿರು ಕಡಿಯದಂತೆ ಊದುತ್ತಲೇ ಇರಬೇಕು. ರಾತ್ರಿಯಿಡೀ ಒಂದೇ ಸ್ವರ. ಪುಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂತು. ತೂಕ ಹೆಚ್ಚಿತು, ಆದರೆ ಊದುವವನ ಕೆನ್ನೆಗೆ ಬಿಡುವು ಸಿಕ್ಕಿತು. ಹಾರ್ಮೋನಿಯಂ ಜಾಗಕ್ಕೆ ಕರೆಂಟಿನ ಶ್ರುತಿಪೆಟ್ಟಿಗೆ ಬಂತು. ತೂಕ ಇಳಿಯಿತು, ಜೊತೆಗೆ ಒಬ್ಬ ಆಳೂ ಇಳಿದ. ಈ ಎರಡನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಶ್ರುತಿಪೆಟ್ಟಿಗೆಯ ಹಿಂದೆ ನಮ್ಮ ರಾಜ್ಯದ್ದೇ ಒಂದು ಕಥೆ ಇದೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಕೊಳಲು ನುಡಿಸುತ್ತಿದ್ದ ಇಂಜಿನಿಯರ್. 1979ರಲ್ಲಿ ಅವರು ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಆಮೇಲೆ ದೇಶದ ಸಂಗೀತಗಾರರ ಮನೆಮನೆಗೆ ಹೋದವು. ಆಳೆತ್ತರದ ತಂಬೂರಿಯನ್ನು ಬಸ್ಸು, ರೈಲಿನಲ್ಲಿ ಬುರುಡೆ ಒಡೆಯದಂತೆ ಒಯ್ಯುವುದು ಎಂಥ ಕಷ್ಟ ಎಂದು ಒಯ್ದವರಿಗೇ ಗೊತ್ತು. ಆ ಕಷ್ಟ ಕೈಚೀಲಕ್ಕೆ ಇಳಿಯಿತು. ಇವತ್ತು ಅದೇ ಕೆಲಸವನ್ನು ಫೋನಿನ ಆ್ಯಪ್ ಮಾಡುತ್ತದೆ.

ಕರೆಂಟು ಬಂತು, ಹೊರೆ ಏರಿತು

ಜೋಗದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಬೆಳಕು ಕೊಟ್ಟ ಶರಾವತಿಯ ದಡದ ಹಳ್ಳಿಗಳಲ್ಲಿ, ಮುಳುಗಡೆಯಾಗಿ ಎದ್ದು ಹೋದವರ ಹೊಸ ಊರುಗಳಲ್ಲಿ, ಚಿಮಣಿ ಬುಡ್ಡಿ ಬಹಳ ಕಾಲ ಉರಿಯಿತು. ಹಾಗಾಗಿ ನಮ್ಮ ಕಡೆಯ ಆಟ-ನಾಟಕಗಳು ದೊಂದಿ, ಗ್ಯಾಸ್‌ಲೈಟು ಬಿಟ್ಟು ಬಲ್ಬಿಗೆ ಬಂದದ್ದು ಊರೂರಿಗೆ ಬೇರೆ ಬೇರೆ ಕಾಲಕ್ಕೆ.

ಕರೆಂಟಿನ ಬೆನ್ನಿಗೇ ಮೈಕ್ ಸೆಟ್ ಬಂತು. ಮರಕ್ಕೆ ಕಟ್ಟಿದ ಹಾರ್ನ್, ಒಂದು ಆಂಪ್ಲಿಫೈಯರ್, ಒಂದು ಮೈಕು. ಮೈಕಿಲ್ಲದ ಕಾಲದ ಭಾಗವತರು ಏರುಶ್ರುತಿಯಲ್ಲಿ ಹಾಡಿ ಬಯಲಿನ ಕೊನೆಯವರಿಗೂ ಮುಟ್ಟಿಸಬೇಕಿತ್ತು. ಮೈಕು ಬಂದ ಮೇಲೆ ಮೆಲುದನಿಗೂ ರಂಗಸ್ಥಳದಲ್ಲಿ ಜಾಗ ಸಿಕ್ಕಿತು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರ (1958-1990) ಕಂಠ ಮೈಕಿನಲ್ಲಿ, ಕ್ಯಾಸೆಟ್ಟಿನಲ್ಲಿ ಹೇಗೆ ಹರಿಯಿತು ಎಂಬುದನ್ನು ನಮ್ಮ ಅಪ್ಪಂದಿರ ತಲೆಮಾರು ಇಂದಿಗೂ ಹೇಳುತ್ತದೆ. ಹೊಸ ಸಾಮಾನು ಎಂದರೆ ಬರೀ ಹೊರೆಯಲ್ಲ, ಕೆಲವೊಮ್ಮೆ ಅದು ಹೊಸ ಹಾಡನ್ನೇ ಸಾಧ್ಯ ಮಾಡುತ್ತದೆ.

ಆದರೆ ಅದೇ ಹೊತ್ತಿಗೆ ಟೆಂಟ್ ಮೇಳಗಳೂ ಬಂದವು. ಟಿಕೆಟ್ಟು ಇಟ್ಟ ಮೇಲೆ ಗುಡಾರ ಬೇಕು, ಕುರ್ಚಿ ಬೇಕು, ಜನರೇಟರ್ ಬೇಕು, ಇವನ್ನೆಲ್ಲ ಸಾಗಿಸಲು ಲಾರಿ ಬೇಕು, ಕಟ್ಟಿ ಬಿಚ್ಚಲು ಆಳು ಬೇಕು. ಒಂದು ರಾತ್ರಿ ಮಳೆ ಬಂದರೆ ಇಷ್ಟೂ ಜನರ ಬಟವಾಡೆ ಮೈಮೇಲೆ. ಈಚೆಗೆ ಗುಡಾರಗಳು ಕಡಿಮೆಯಾಗಿವೆ. ಕಾಲಮಿತಿ ಆಟಗಳು ಹೆಚ್ಚಾಗಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ಮಿತಿ ಹಾಕಿದ 2000ದ ಶಬ್ದಮಾಲಿನ್ಯ ನಿಯಮಗಳೂ ಇದಕ್ಕೆ ಒಂದು ಕಾರಣ. ನಮ್ಮ ಆರ್ಕೆಸ್ಟ್ರಾಗೂ ಅದೇ ನಿಯಮ. ಹತ್ತು ಗಂಟೆಗೆ ಪೊಲೀಸರು ಬಂದು ನಿಲ್ಲಿಸುವ ಮೊದಲು ಹಾಡಿ ಮುಗಿಸಬೇಕೆಂದರೆ, ವೇದಿಕೆಯ ಮೇಲೆ ತಂತಿ ಹುಡುಕುತ್ತ ಕಳೆದ ಒಂದೊಂದು ನಿಮಿಷವೂ ನಷ್ಟವೇ.

ಗುಬ್ಬಿಯ ಆನೆ, ಹೆಗ್ಗೋಡಿನ ತಿರುಗಾಟ

ಹೊರೆಯ ವಿಚಾರದಲ್ಲಿ ಸಾಗರ ತಾಲ್ಲೂಕು ಇಡೀ ಕರ್ನಾಟಕಕ್ಕೆ ಪಾಠ ಹೇಳಿದ್ದು ಹೆಗ್ಗೋಡಿನಿಂದ.

1884ರಲ್ಲಿ ಶುರುವಾದ ಗುಬ್ಬಿ ಕಂಪನಿ ವೈಭವಕ್ಕೆ ಹೆಸರಾಗಿತ್ತು. 'ಕುರುಕ್ಷೇತ್ರ' ನಾಟಕಕ್ಕೆ ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದರು. ಪರದೆಗಳು, ಸೀನರಿ, ಕಾಲು ಹಾರ್ಮೋನಿಯಂ, ನೂರಾರು ಜನರ ಅಡಿಗೆ. ಒಂದು ಊರಿನಲ್ಲಿ ಇಳಿದರೆ ತಿಂಗಳುಗಟ್ಟಲೆ ಅಲ್ಲೇ ಕ್ಯಾಂಪ್ ಹಾಕಬೇಕು. ಆ ಭಾರಕ್ಕೆ ದೊಡ್ಡ ಊರು ಬೇಕು. ಸಣ್ಣ ಹಳ್ಳಿಗೆ ಅದು ಬರುವಂತಿರಲಿಲ್ಲ.

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಮ್ 1985ರಲ್ಲಿ 'ತಿರುಗಾಟ' ಶುರುಮಾಡಿತು. ಮೇಳಗಳ ಸಂಚಾರಕ್ಕೆ ಹೇಳುವ ಮಾತೇ ಇದಕ್ಕೂ ಹೆಸರಾಯಿತು. ಮಳೆಗಾಲದಲ್ಲಿ ನಾಟಕ ಕಲಿತು, ಮಳೆ ಹಿಂದಾದ ಮೇಲೆ ಒಂದೇ ತಂಡ ಊರೂರು ತಿರುಗುವುದು. ಇವತ್ತು ಒಂದು ಊರು, ನಾಳೆ ಇನ್ನೊಂದು. ಬೆಳಿಗ್ಗೆ ಬಂದು ಕಟ್ಟಿ, ರಾತ್ರಿ ಆಡಿ, ಬಿಚ್ಚಿ ಹೊರಡಬೇಕು. ಹಾಗಿದ್ದಾಗ ಏನು ಒಯ್ಯಬೇಕು ಎನ್ನುವುದು ಖರ್ಚಿನ ಪ್ರಶ್ನೆಯಷ್ಟೇ ಅಲ್ಲ, ನಾಟಕ ಕಟ್ಟುವ ರೀತಿಯ ಪ್ರಶ್ನೆಯೂ ಆಗುತ್ತದೆ. ಶಾಲೆಯ ಬಯಲು, ಸಮುದಾಯ ಭವನ, ಎಲ್ಲಿಯಾದರೂ ನಿಲ್ಲುವ ರಂಗಸಜ್ಜಿಕೆ ಬೇಕು. ನಟರೇ ಹೊತ್ತು ತಂದು, ನಟರೇ ಹಾಡಬೇಕು.

ಗುಬ್ಬಿ ಕಂಪನಿಯಲ್ಲೇ ಹುಡುಗನಾಗಿ ಬೆಳೆದ ಬಿ.ವಿ. ಕಾರಂತರು ರಂಗಸಂಗೀತವನ್ನು ಇದೇ ದಾರಿಗೆ ತಂದರು. ಹಾರ್ಮೋನಿಯಂ ಜೊತೆಗೆ ಕಲ್ಲು, ಬಿದಿರು, ತಗಡು, ಕೈಗೆ ಸಿಕ್ಕಿದ್ದೆಲ್ಲ ಅವರಿಗೆ ವಾದ್ಯ. ಇದಕ್ಕೆ ಎದುರಾದ ದಾರಿಯನ್ನು ಶಿವರಾಮ ಕಾರಂತರು ನೋಡಿದರು. ಅವರು ಯಕ್ಷಗಾನದ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ಒಬ್ಬರು ಇದ್ದದ್ದರಲ್ಲೇ ಹೊಸ ಸದ್ದು ಹುಡುಕಿದರು, ಇನ್ನೊಬ್ಬರು ಹೊರಗಿನಿಂದ ತಂದರು. ಇಬ್ಬರೂ ತಮಗೆ ಆ ಸದ್ದು ಏಕೆ ಬೇಕು ಎಂಬುದನ್ನು ಮೊದಲು ತಿಳಿದಿದ್ದರು. ನನ್ನ ಎಂಟು ಪೆಡಲುಗಳ ಬಗ್ಗೆ ನಾನು ಹಾಗೆ ಹೇಳುವಂತಿರಲಿಲ್ಲ.

ಗಿಟಾರು ಘಟ್ಟಕ್ಕೆ ಬಂದದ್ದು

ನಮ್ಮ ಕಡೆಯ ಹಾಡಿನ ವೇದಿಕೆಗೆ ಹಿರಿಯ ಹೆಸರು ಶಿವಮೊಗ್ಗ ಸುಬ್ಬಣ್ಣ. ಹುಟ್ಟಿದ್ದು ಹೊಸನಗರ ತಾಲ್ಲೂಕಿನ ನಗರದಲ್ಲಿ. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು. ಸುಗಮ ಸಂಗೀತಕ್ಕೆ ಹಾರ್ಮೋನಿಯಂ, ತಬಲ ಇದ್ದರೆ ಕಛೇರಿ ನಡೆಯುತ್ತದೆ. 1978ರ 'ನಿತ್ಯೋತ್ಸವ' ಕ್ಯಾಸೆಟ್ಟಿನ ನಂತರ ಭಾವಗೀತೆ ಮನೆಮನೆಗೆ ಬಂದಾಗಲೂ ಊರಿನ ವೇದಿಕೆಯಲ್ಲಿ ಸಾಮಾನು ಕಡಿಮೆಯೇ.

ಗಿಟಾರು ಬಂದದ್ದು ಸಿನಿಮಾ ಹಾಡಿನ ಜೊತೆ. ರಾಜನ್-ನಾಗೇಂದ್ರರ ಹಾಡುಗಳು, ಜಿ.ಕೆ. ವೆಂಕಟೇಶರ ಹಾಡುಗಳು. ಅದೇ ವೆಂಕಟೇಶರ ಬಳಿ ಸಹಾಯಕರಾಗಿದ್ದ ಇಳಯರಾಜಾ 1981ರ 'ಗೀತಾ' ಚಿತ್ರಕ್ಕೆ ಸಂಗೀತ ಕೊಟ್ಟ ಮೇಲೆ ಕರ್ನಾಟಕದ ಯಾವ ಆರ್ಕೆಸ್ಟ್ರಾವೂ ಗಿಟಾರಿಲ್ಲದೆ ವೇದಿಕೆ ಹತ್ತುವಂತಿರಲಿಲ್ಲ. ಆ ಕಾಲದ ಗಿಟಾರಿಗರು ತರುತ್ತಿದ್ದದ್ದು ಒಂದು ಗಿಟಾರ್, ಒಂದು ವೈರು. ಅದನ್ನು ನೇರ ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೆ ಸಿಕ್ಕಿಸುವುದು.

ಹೊರದೇಶದಲ್ಲಿ ಅಷ್ಟು ಹೊತ್ತಿಗೆ ಗಿಟಾರಿನ ಹೊರೆ ಏರಿ, ಇಳಿಯತೊಡಗಿತ್ತು. ಮೊದಲ ಪೆಡಲುಗಳಲ್ಲಿ ಒಂದಾದ ಮೇಸ್ಟ್ರೊ ಫಜ್ ಟೋನ್ 1962ರದ್ದು. ಅದಕ್ಕೆ ಮೂಲ ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೊದಲ್ಲಿ ಕೆಟ್ಟಿದ್ದ ಒಂದು ಮಿಕ್ಸರ್ ಚಾನೆಲ್. ಕೆಟ್ಟ ಸದ್ದನ್ನೇ ಜನ ಇಷ್ಟಪಟ್ಟರು, ಆಮೇಲೆ ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಿದರು. 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಸುಮಾರು 55 ಸಾವಿರ ಜನರ ಮುಂದೆ ಬೀಟಲ್ಸ್ ಹಾಡಿದಾಗ ವೇದಿಕೆಯ ಮೇಲಿದ್ದ ಆಂಪುಗಳು ಕೂಗಾಟದ ಮುಂದೆ ಏನೂ ಸಾಲಲಿಲ್ಲ. ಹಾಗಾಗಿ ಹೆಚ್ಚು ವಾಟು, ಹೆಚ್ಚು ಸ್ಪೀಕರು. ಈ ಓಟದ ತುದಿ 1974. ಗ್ರೇಟ್‌ಫುಲ್ ಡೆಡ್ ಎಂಬ ತಂಡ ವೇದಿಕೆಯ ಹಿಂದೆ ಸ್ಪೀಕರುಗಳ ಗೋಡೆಯನ್ನೇ ಕಟ್ಟಿತು. ತೂಕ ಸುಮಾರು 75 ಟನ್. ಸದ್ದು ಬಹಳ ಚೆನ್ನಾಗಿತ್ತಂತೆ. ಆದರೆ ಸಾಗಿಸುವ, ಕಟ್ಟುವ ಖರ್ಚು ತಾಳಲಾರದೆ ಅದೇ ವರ್ಷ ಕೈಬಿಟ್ಟರು. ನಮ್ಮ ಟೆಂಟ್ ಮೇಳದ ಲಾರಿ ಲೆಕ್ಕ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. 1977ರಲ್ಲಿ ಜಪಾನಿನ ಬಾಸ್ ಕಂಪನಿ ಅಂಗೈಯಗಲದ ಪೆಡಲುಗಳನ್ನು ತಂದಿತು. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಬಂದು, ಹಲವು ಆಂಪುಗಳ ಸದ್ದನ್ನು ಒಂದೇ ಸಣ್ಣ ಡಬ್ಬಿಗೆ ಇಳಿಸಿತು.

ವಿಚಿತ್ರವೆಂದರೆ, ಅಲ್ಲಿ ಹೊರೆ ಇಳಿಯುವ ಹೊತ್ತಿಗೆ ಇಲ್ಲಿ ನಾವು ಹೊರಲು ಶುರುಮಾಡಿದೆವು. ಯೂಟ್ಯೂಬಿನಲ್ಲಿ ನೋಡಿ ಒಂದು, ಆನ್‌ಲೈನಿನಲ್ಲಿ ರಿಯಾಯಿತಿ ಬಂದಾಗ ಇನ್ನೊಂದು, ಗೆಳೆಯ ಮಾರುತ್ತಾನೆಂದು ಮತ್ತೊಂದು. ನನ್ನ ಎಂಟು ಹಾಗೆ ಸೇರಿದವು.

ಲೆಕ್ಕ

ಪೆಂಡಾಲಿನ ಆ ರಾತ್ರಿಯ ನಂತರ ಕಾಗದ ತೆಗೆದು ಲೆಕ್ಕ ಹಾಕಿದೆ. ಎಂಟು ಪೆಡಲಿಗೆ ಒಂಬತ್ತು ವೈರು: ಗಿಟಾರಿನಿಂದ ಒಂದು, ನಡುವೆ ಏಳು, ಆಂಪಿಗೆ ಒಂದು. ಒಂಬತ್ತು ವೈರಿಗೆ ಹದಿನೆಂಟು ಜಾಕು. ಅದರ ಮೇಲೆ ಕರೆಂಟು ಕೊಡುವ ಎಂಟು ಪಿನ್ನು. ಇಪ್ಪತ್ತಾರು ಕಡೆಗಳಲ್ಲಿ ಯಾವ ಒಂದು ಸಡಿಲವಾದರೂ ಗಿಟಾರು ಮೂಕ. ಆಗುಂಬೆಯ ಮಗ್ಗುಲಿನ ತೀರ್ಥಹಳ್ಳಿಯಲ್ಲಿ, ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಜಾಕು ಕಿಲುಬು ಹಿಡಿಯದೆ ಇರುತ್ತದೆಯೇ?

ಹಮ್‌ಗೂ ಕಾರಣ ಅಲ್ಲೇ ಇತ್ತು. ಎಂಟಕ್ಕೂ ಒಂದೇ ಅಗ್ಗದ ಅಡಾಪ್ಟರಿನಿಂದ ಸರಪಳಿ ಹಾಕಿ ಕರೆಂಟು ಕೊಟ್ಟಿದ್ದೆ. ಪೆಂಡಾಲಿನ ತಾತ್ಕಾಲಿಕ ಲೈನಿಗೆ ಸರಿಯಾದ ಅರ್ತ್ ಇರುವುದಿಲ್ಲ. ಸೀರಿಯಲ್ ಲೈಟು, ಫ್ಯಾನು, ಆಂಪು ಎಲ್ಲ ಒಂದೇ ಲೈನಿನಲ್ಲಿ. ಪೆಡಲು ಹೆಚ್ಚಾದಷ್ಟೂ ಆ ಗಲೀಜು ಗಿಟಾರಿನೊಳಗೆ ಬರಲು ದಾರಿ ಹೆಚ್ಚು. ಇದು ಸದ್ದಿಗಿಂತ ಜೀವದ ಪ್ರಶ್ನೆ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ಅರ್ತ್ ಇಲ್ಲದ ಲೈನಿನಲ್ಲಿ ಶಾಕ್ ಹೊಡೆಯುವುದು ನಮ್ಮವರಿಗೆ ಹೊಸದಲ್ಲ. ನೆಲ ಒದ್ದೆಯಾಗಿದ್ದರೆ ದೇವರೇ ಗತಿ. ಟೆಸ್ಟರ್ ಜೇಬಿನಲ್ಲಿಟ್ಟುಕೊಂಡು, ಮೈಕು ಮುಟ್ಟುವ ಮೊದಲು ನೋಡುವ ಅಭ್ಯಾಸ ಎಲ್ಲ ತಂಡಕ್ಕೂ ಬೇಕು.

ಆಮೇಲೆ ನಾವು ಹಾಡುವ ಹಾಡುಗಳ ಪಟ್ಟಿ ತೆಗೆದೆ. ಪ್ರತಿ ಹಾಡಿಗೆ ಯಾವ ಪೆಡಲು ಇಲ್ಲದಿದ್ದರೆ ನಡೆಯುವುದಿಲ್ಲ ಎಂದು ಗುರುತು ಹಾಕಿದೆ. ಕೊನೆಗೆ ಉಳಿದದ್ದು ಮೂರು: ಟ್ಯೂನರ್, ಓವರ್‌ಡ್ರೈವ್, ಡಿಲೇ. ವಾ, ಕಂಪ್ರೆಸರ್, ಎರಡನೆಯ ಡಿಸ್ಟಾರ್ಶನ್, ಫೇಸರ್, ಕೋರಸ್ ಮನೆಯಲ್ಲೇ ಉಳಿದವು. ಕೋರಸ್ ಬಿಡುವಾಗ ಮಾತ್ರ ಹೊಟ್ಟೆ ಉರಿಯಿತು. ಎಂಬತ್ತರ ದಶಕದ ಹಾಡುಗಳಿಗೆ ಅದು ಒಗ್ಗುತ್ತದೆ. ಈಗ ಡಿಲೇಯನ್ನೇ ತೀರ ಚಿಕ್ಕದಾಗಿಟ್ಟು ದನಿಯನ್ನು ಸ್ವಲ್ಪ ದಪ್ಪ ಮಾಡಿಕೊಳ್ಳುತ್ತೇನೆ. ಓವರ್‌ಡ್ರೈವ್ ಯಾವಾಗಲೂ ಆನ್. ಮೆಲ್ಲಗೆ ಬೇಕಾದಾಗ ಗಿಟಾರಿನ ವಾಲ್ಯೂಮ್ ತಿರುಗಣೆಯನ್ನೇ ಇಳಿಸಿದರೆ ಸದ್ದು ತಿಳಿಯಾಗುತ್ತದೆ. ಇಷ್ಟು ವರ್ಷ ಆ ತಿರುಗಣೆಯನ್ನು ನಾನು ಮುಟ್ಟಿಯೇ ಇರಲಿಲ್ಲ. ಆಂಪು ಒಯ್ಯುವುದನ್ನೂ ಬಿಟ್ಟೆ. ಸಣ್ಣದೊಂದು ಡಿಐ ಬಾಕ್ಸಿನಿಂದ ನೇರ ಮಿಕ್ಸರಿಗೆ. ಅಲ್ಲಿಯವರೆಗೆ ನಾಲ್ಕು ವೈರು, ಎಂಟು ಜಾಕು, ಮೂರು ಪಿನ್ನು. ಒಟ್ಟು ಹನ್ನೊಂದು. ಕೆಟ್ಟರೂ ಎರಡು ನಿಮಿಷದಲ್ಲಿ ಸಿಗುತ್ತದೆ. ಅದೂ ಆಗದಿದ್ದರೆ ಮೂರನ್ನೂ ಬಿಟ್ಟು, ಹಳೆಯ ಗಿಟಾರಿಗರ ಹಾಗೆ ನೇರ ಸಿಕ್ಕಿಸಿ ಹಾಡು ಮುಗಿಸಬಹುದು.

ಇಳಿದದ್ದು ಯಾರು

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಜಾಣನ ಕಥೆ ಆಗುತ್ತಿತ್ತು. ನಮ್ಮ ತಂಡದಲ್ಲಿ ಹಿಂದೆ ಬಾಸ್ ಗಿಟಾರ್ ನುಡಿಸುತ್ತಿದ್ದ ಅಣ್ಣನೊಬ್ಬ ಇದ್ದಾನೆ. ನನಗೆ ಮೊದಲ ಕಾರ್ಡ್ ಹೇಳಿಕೊಟ್ಟವನು ಅವನೇ. ಈಗ ಹೊಸನಗರದ ಕಡೆ ಅಡಿಕೆ ತೋಟದ ಕೆಲಸ ನೋಡಿಕೊಂಡಿದ್ದಾನೆ. ಸಿಕ್ಕಾಗ ನನ್ನ ಹೊಸ ಲೆಕ್ಕವನ್ನು ಹೆಮ್ಮೆಯಿಂದ ಹೇಳಿದೆ. ಎಲ್ಲ ಕೇಳಿ ನಕ್ಕ. "ಒಳ್ಳೇದಾಯ್ತು ಬಿಡಾ. ನನ್ನನ್ನೂ ಹಂಗೇ ಕಮ್ಮಿ ಮಾಡಿದ್ರಲ್ಲ" ಅಂದ.

ನಿಜ. ಕೀಬೋರ್ಡಿನವರ ಎಡಗೈ ಬಾಸ್ ನುಡಿಸಬಲ್ಲದು ಎಂದು ಗೊತ್ತಾದ ದಿನ ಅವನು ಇಳಿದ. ರಿದಮ್ ಪ್ಯಾಡ್ ಬಂದು ಢೋಲಕ್ಕಿನವರು ಇಳಿದರು. ಕೊಳಲು ಕೀಬೋರ್ಡಿಗೆ ಹೋಯಿತು. ಈಗ ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಹಾಕಿ ಇಬ್ಬರೇ ಗಾಯಕರು ಇಡೀ ಕಾರ್ಯಕ್ರಮ ಮುಗಿಸುತ್ತಾರೆ. ಅದಕ್ಕಿಂತ ಹಗುರ ಯಾವುದಿದೆ? ಆ ಪೆಂಡಾಲಿನಲ್ಲಿ ಮೂರು ಹಾಡಿಗೆ ಗಿಟಾರಿಲ್ಲದ್ದು ಜನರಿಗೆ ಗೊತ್ತಾಗಲಿಲ್ಲ ಎಂದೆನಲ್ಲ, ಅಲ್ಲೇ ನನ್ನ ಸರದಿಯ ಮುನ್ಸೂಚನೆಯೂ ಇತ್ತು.

ಹಿಂದೆ ತಿರುಗಿ ನೋಡಿದರೆ ಈ ಚರಿತ್ರೆಯಲ್ಲಿ ಎರಡು ಬಗೆಯ ಇಳಿಕೆ ಕಾಣುತ್ತದೆ. ತಿರುಗಾಟದ ತಂಡ ಸೀನರಿ ಇಳಿಸಿತು, ನಟರನ್ನು ಇಟ್ಟುಕೊಂಡಿತು. ಆದ್ದರಿಂದಲೇ ಗುಬ್ಬಿಯ ಆನೆ ಬರಲಾರದ ಹಳ್ಳಿಗೂ ನಾಟಕ ಬಂತು. ಶ್ರುತಿಪೆಟ್ಟಿಗೆ ಪುಂಗಿಯವನನ್ನೂ ತಂಬೂರಿ ಮೀಟುವವರನ್ನೂ ಇಳಿಸಿತು. ರಾತ್ರಿಯಿಡೀ ಒಂದೇ ಸ್ವರ ಊದುವ ಕಷ್ಟದಿಂದ ಬಿಡುಗಡೆ ಎಂದು ಅದನ್ನು ಒಪ್ಪಬಹುದು. ಆದರೆ ಭಾಗವತರ ಹಿಂದೆ ಕೂತು ಆಟವನ್ನು ಕಿವಿಯಲ್ಲೇ ಕಲಿಯುವ ಒಂದು ಜಾಗವೂ ಅದರ ಜೊತೆ ಹೋಯಿತು. ಅಂಟಿಗೆ-ಪಂಟಿಗೆಯವರ ಕೈಯಲ್ಲಿ ಒಂದೇ ದೀಪ ನಿಜ. ಆದರೆ ಅದರ ಹಿಂದೆ ನಡೆಯುವವರು ಒಬ್ಬಿಬ್ಬರಲ್ಲ. ಸೊಲ್ಲು ಹಿಡಿಯಲು ಇನ್ನೊಬ್ಬ ಇರುವುದರಿಂದಲೇ ಅವರಿಗೆ ಬೇರೆ ಸಾಮಾನು ಬೇಕಿಲ್ಲ.

ನಮ್ಮ ತಂಡ ಓಡಾಡುವುದು ಒಂದು ಓಮ್ನಿಯಲ್ಲಿ. ನನ್ನ ಆಂಪು ಮತ್ತು ಪೆಡಲ್ ಪೆಟ್ಟಿಗೆ ಇಡುತ್ತಿದ್ದ ಜಾಗ ಈಗ ಖಾಲಿ. ಒಬ್ಬರು ಕೂರಬಹುದು. ಸಂಭಾವನೆ ಹಂಚುವಾಗ ಒಂದು ಪಾಲು ಹೆಚ್ಚುತ್ತದೆ ಎಂದು ಇಬ್ಬರು ಗೊಣಗಿದರು. ತಪ್ಪೇನಿಲ್ಲ, ಎಲ್ಲರ ಮನೆಯಲ್ಲೂ ಒಲೆ ಉರಿಯಬೇಕು. ಆದರೂ ಕೇಳಿ ನೋಡೋಣ ಎಂದು ನಾನೇ ಅಣ್ಣನಿಗೆ ಫೋನ್ ಮಾಡಿದೆ. ಬಾಸ್ ಗಿಟಾರಿನ ತಂತಿ ತುಕ್ಕು ಹಿಡಿದಿದೆ ಅಂದ. ಬರುವುದಿಲ್ಲ ಅಂತ ಹೇಳಲಿಲ್ಲ. ಶಿವಮೊಗ್ಗಕ್ಕೆ ಹೋದಾಗ ಒಂದು ಸೆಟ್ ತಂತಿ ತಂದಿಟ್ಟಿದ್ದೇನೆ.